ಗೇಟಿಗೆ ಸುತ್ತಿದ ಬೆಲ್ಟು

ಶವ ಹೊರಗೆ ಒಯ್ಯಲು ಗೇಟು ಪೂರ್ತಿ ತೆರೆಯಬೇಕಿತ್ತು. ಅರೆತೆರೆದ ಗೇಟನ್ನು ಕಂಬಕ್ಕೆ ಬಿಗಿದು ಸುತ್ತಿದ್ದ ಕಪ್ಪು ರಬ್ಬರಿನ ಬೆಲ್ಟು ಯಾರ ಕೈಗೂ ಬಗ್ಗಲಿಲ್ಲ. ಕೊನೆಗೆ ಸತ್ತವನ ಹೆಂಡತಿಯೇ ಎದ್ದು ಬಂದು ಬಿಚ್ಚತೊಡಗಿದಳು.

ಅಂಗಳದ ತುಂಬ ಜನ. ಊರ ಕೊಳಚೆ ನೀರನ್ನು ಶುದ್ಧಮಾಡಿ ಹಳ್ಳಕ್ಕೆ ಬಿಡುವ ಘಟಕವನ್ನು ಆಯುಷ್ಯವೆಲ್ಲ ನೋಡಿಕೊಂಡವನು ಅವಳ ಗಂಡ, ಊರಿಗೆಲ್ಲ ಮೋಟಾರಣ್ಣ. ಆ ಮೋಟಾರಿನ ಸದ್ದು ಇವತ್ತೂ ಮನೆಯ ಹಿಂದಿನಿಂದ ಗುಂಯ್ ಎಂದು ಬರುತ್ತಿತ್ತು.

“ನೋಡಿ, ಅವ್ರು ಹೋದ್ರೂ ಮೋಟಾರ್ ನಿಂತಿಲ್ಲ. ಪುಣ್ಯಾತ್ಮ!” ಎಂದಳು ಪಕ್ಕದ ಮನೆಯಾಕೆ.

ಗೇಟಿನಾಚೆ ರಸ್ತೆಯಲ್ಲಿ ಅವಳ ಅಣ್ಣ ಒಬ್ಬನೇ ನಿಂತಿದ್ದ. ಯಾರು ಕರೆದರೂ ಒಳಗೆ ಬಂದಿರಲಿಲ್ಲ.

*

ಅಣ್ಣನ ಮನೆ ಹಳ್ಳದ ಕೆಳಗಡೆ. ಹಿಂದೊಮ್ಮೆ, ಹಳ್ಳದ ನೀರು ಕುಡಿದು ಅವನ ಎರಡು ಹಸು ಸತ್ತ ವಾರ, ಅದೇ ನೀರನ್ನು ಬಾಟಲಿಯಲ್ಲಿ ತಂದು ತಂಗಿಯ ಊಟದ ಮೇಜಿನ ಮೇಲೆ ಕುಕ್ಕಿದ್ದ.

“ಮೂಸಿ ನೋಡು. ನಿನ್ನ ಗಂಡ ಕೊಳಚೆನ ಹಾಗ್ಹಾಗೇ ಬಿಡ್ತಿದಾನೆ.”

ಗಂಡ ತಟ್ಟೆಯಿಂದ ತಲೆಯೆತ್ತದೆ, “ಮೋಟಾರ್ ಓಡ್ತಿರೋದು ಕೇಳಿಸ್ತಿಲ್ವಾ ಭಾವ?” ಎಂದ.

ಕೇಳಿಸುತ್ತಿತ್ತು. ಆ ಸದ್ದಿಲ್ಲದಿದ್ದರೆ ಅವಳಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಅದನ್ನೇ ನೆಚ್ಚಿಕೊಂಡು, ಒಡಹುಟ್ಟಿದವನ ಮುಖಕ್ಕೆ ಹೊಡೆದ ಹಾಗೆ ಹೇಳಿದಳು: “ನನ್ನ ಗಂಡನ್ನ ಸುಳ್ಳುಗಾರ ಅನ್ನೋರು ಈ ಗೇಟು ದಾಟೋದು ಬೇಡ.”

ಹೋಗುವಾಗ ಅಣ್ಣ ಎಳೆದ ರಭಸಕ್ಕೆ ಗೇಟಿನ ಚಿಲಕ ಕಿತ್ತುಬಂತು. ಮಾರನೆಯ ದಿನ ಗಂಡ ಈ ಬೆಲ್ಟು ತಂದು ಬಿಗಿದ.

“ಶೆಡ್ಡಲ್ಲಿ ಸುಮ್ನೆ ಬಿದ್ದಿತ್ತು ಕಣೇ. ಗಟ್ಟಿ ಮಾಲು,” ಎಂದು ಕೈ ಕೊಡವಿಕೊಂಡ. ಅಂದಿನಿಂದ ದಿನಾ ಅದನ್ನು ಬಿಚ್ಚಿ ಕಟ್ಟಿದವಳು ಅವಳೇ.

*

ಕೊನೆಯ ಸುತ್ತು ಸಡಿಲಾಯಿತು. ಗಂಡನ ಜೊತೆ ಘಟಕದಲ್ಲಿ ದುಡಿದ ಫಿಟ್ಟರ್ ಅದನ್ನು ಕಂಡು ಬೆಪ್ಪಾಗಿ ನಿಂತ.

“ಇದು ಇಲ್ಲಿತ್ತಾ ಅತ್ತಿಗೆ?”

“ಯಾಕೆ? ಏನಿದು?”

ಅವನು ದನಿ ತಗ್ಗಿಸಿದ. “ನೀರಿಗೆ ಗಾಳಿ ಊದೋ ಯಂತ್ರದ್ದು. ಮೋಟಾರ್ ಅದನ್ನ ತಿರುಗಿಸೋದೇ ಈ ಬೆಲ್ಟಿಂದ. ಯಂತ್ರ ಕೆಟ್ಟು ನಿಂತ್ಹೋಗಿತ್ತು. ಸದ್ದು ನಿಂತ್ರೆ ಊರಿಗೆ ಗೊತ್ತಾಗುತ್ತೆ, ಕೆಲಸ ಹೋಗುತ್ತೆ ಅಂತ ಮೋಟಾರಣ್ಣ ಇದನ್ನ ಬಿಚ್ಚಿಟ್ಟು ಬರೀ ಮೋಟಾರ್ ಓಡಿಸ್ತಿದ್ರು. ಇವತ್ತು ಮೋಟಾರಿನ ಸ್ವಿಚ್ ನಾನೇ ಹಾಕಿ ಬಂದೆ.”

“ಯಾವಾಗಿಂದ?”

“ನಿಮ್ಮಣ್ಣನ ಹಸು ಸಾಯೋಕ್ಕೂ ಮುಂಚಿಂದ.”

ಬೆಳಗಿನಿಂದ ಅತ್ತದ್ದಕ್ಕೆಲ್ಲ ಅವಳಿಗೆ ನಾಚಿಕೆಯಾಯಿತು. ನಂಬಿಸಿ ಕತ್ತು ಕುಯ್ದದ್ದು ಸಾಲದೆಂದು, ಗಂಡ ಆ ಕತ್ತಿಯನ್ನು ದಿನಾ ಅವಳ ಕೈಗೇ ಕೊಟ್ಟಿದ್ದ.

ಹೊರುವವರು ಬಗ್ಗಿದರು.

“ಸ್ವಲ್ಪ ತಡೀರಿ,” ಎಂದಳು. ಬೆಲ್ಟನ್ನು ಮಡಿಸಿ, ಗಂಡನ ಎದೆಯ ಮೇಲಿನ ಹೂವುಗಳನ್ನು ಸರಿಸಿ, ಅಲ್ಲಿಟ್ಟಳು. “ಇದೂ ಅವರ ಜೊತೆಗೇ ಹೋಗ್ಲಿ.”

ಹೊರುವವರು ಶವ ಎತ್ತಿದರು. ಶವದ ಹಿಂದೆ ಜನವೂ ಹೊರಟಿತು.

ಯಾರೂ ಹಿಡಿದಿರದ ಗೇಟು ಕಿರುಗುಟ್ಟುತ್ತ ಮುಚ್ಚಿಕೊಳ್ಳತೊಡಗಿತು. ಅವಳು ಓಡಿಹೋಗಿ ಅದನ್ನು ತಡೆದಳು, ಪೂರ್ತಿ ತೆರೆದು ಎರಡೂ ಕೈಯಲ್ಲಿ ಹಿಡಿದು ನಿಂತಳು. ಅಣ್ಣ ರಸ್ತೆಯಲ್ಲೇ ಇದ್ದ, ತಲೆ ಎತ್ತಿರಲಿಲ್ಲ. ಮನೆಯ ಹಿಂದೆ ಮೋಟಾರು ಓಡುತ್ತಲೇ ಇತ್ತು.