ಮೂರನೇ ಬೇಸಿನ ಬಳಿ ನಿಂತವನು

ಆ ಮನುಷ್ಯನಿಗೆ ಸೊಳ್ಳೆ ಕಚ್ಚುತ್ತಿರಬೇಕು ಎಂದೇ ಕಸ್ತೂರಿ ಮೊದಲು ತಿಳಿದರು. ಮೈದಾನದ ಅಂಚಿನಲ್ಲಿ ಆಟಕ್ಕೂ ತನಗೂ ಸಂಬಂಧವಿಲ್ಲದವನಂತೆ ಒಬ್ಬನೇ ನಿಂತಿದ್ದ. ಟೋಪಿ ಮುಟ್ಟಿಕೊಂಡ, ಕಿವಿ ಹಿಂಡಿಕೊಂಡ, ಎದೆಯನ್ನು ಎರಡು ಸಲ ತಟ್ಟಿಕೊಂಡ, ತೋಳನ್ನು ಮೇಲಿಂದ ಕೆಳಗೆ ಒರೆಸಿಕೊಂಡ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅದನ್ನೇ ಶುರುಮಾಡಿದ.

"ಪಾಪ, ಅವನಿಗೆ ಯಾರಾದ್ರೂ ಸೊಳ್ಳೆ ಮುಲಾಮು ಕೊಡಬಾರದಾ?" ಎಂದರು.

ಪಕ್ಕದಲ್ಲಿದ್ದ ಮೊಮ್ಮಗಳು ಅದಿತಿಗೆ ಕುಡಿಯುತ್ತಿದ್ದ ಜ್ಯೂಸ್ ಮೂಗಿಗೇರುವಷ್ಟು ನಗು ಬಂತು. "ನೋ ಅಜ್ಜಿ! ಹೀ ಈಸ್ ದ ಕೋಚ್. ದೋಸ್ ಆರ್ ಸಿಗ್ನಲ್ಸ್. ಸೀಕ್ರೆಟ್!"

ಪರ್ತ್ ನಗರದಲ್ಲಿ ಬೇಸ್‌ಬಾಲ್ ಆಟವೊಂದಿದೆ ಎಂಬುದೇ ಕಸ್ತೂರಿಯವರಿಗೆ ಆ ಸಂಜೆಯವರೆಗೆ ಗೊತ್ತಿರಲಿಲ್ಲ. ಮೈಸೂರಿನಿಂದ ಮಗ ಅಭಿಷೇಕನ ಮನೆಗೆ ಬಂದು ಒಂದು ತಿಂಗಳಾಗಿತ್ತು. ಮನೆ ಜೂಂಡಲಪ್‌ನಲ್ಲಿ. ಮಗ ಎಂಜಿನಿಯರು, ಸೊಸೆ ಅನನ್ಯಾ ಅಲ್ಲಿಯ ಆಸ್ಪತ್ರೆಯ ಲ್ಯಾಬಿನಲ್ಲಿ. ಹನ್ನೆರಡು ವರ್ಷದ ಅದಿತಿ ಕ್ರಿಕೆಟ್ ಬಿಟ್ಟು ಬೇಸ್‌ಬಾಲ್ ಹಿಡಿದದ್ದು ಅಭಿಷೇಕನಿಗೆ ಇನ್ನೂ ಅರಗಿರಲಿಲ್ಲ. ಆದರೂ ಮಗಳ ಹಟಕ್ಕೆ ಸೋತು ಅಲ್ಲಿಯ ಡಿಸೆಂಬರಿನ ಬೇಸಿಗೆ ರಜೆಗೆ ಯೋಜನೆ ಹಾಕಿದ್ದ. ಪರ್ತ್ ತಂಡ ಅಡಿಲೇಡಿಗೆ, ಆಮೇಲೆ ಬ್ರಿಸ್ಬೇನಿಗೆ ಆಡಲು ಹೋಗುತ್ತದೆ. ತಂಡ ವಿಮಾನದಲ್ಲಿ, ಇವರು ಕಾರಿನಲ್ಲಿ. ಬ್ರಿಸ್ಬೇನಿನ ಇಂಡೂರೂಪಿಲ್ಲಿಯಲ್ಲಿ ಅನನ್ಯಾಳ ಅಣ್ಣ ಹರ್ಷನ ಮನೆ ಇತ್ತು, ತಂಗಲು ತೊಂದರೆಯಿರಲಿಲ್ಲ.

ಅದಿತಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಂದ ಹೊರಡುತ್ತಿದ್ದುದು ಇಂಗ್ಲಿಷು. ಅಜ್ಜಿಯ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಪದದಲ್ಲಿ ಉತ್ತರ ಮುಗಿಸುತ್ತಿದ್ದಳು. ಆದರೆ ಆ ಸಂಜೆ ಅಜ್ಜಿ ಬಿಡಲಿಲ್ಲ. ಸೀಕ್ರೆಟ್ ಅಂದರೆ ಯಾರಿಂದ? ಯಾರಿಗೆ ಹೇಳುತ್ತಿದ್ದಾನೆ? ಬಾಯಿಬಿಟ್ಟು ಹೇಳಿದರೆ ಏನಾಗುತ್ತದೆ?

ಅದಿತಿ ಕೈಯಾಡಿಸಿ, ಅರ್ಧ ಕನ್ನಡದಲ್ಲಿ ವಿವರಿಸಿದಳು. ಮೈದಾನದಲ್ಲಿ ನಾಲ್ಕು ಮೂಲೆಗಳಿವೆ, ಅವೇ ಬೇಸ್. ಒಂದು ಬೇಸಿನಲ್ಲಿ ನಿಂತವನು ಎದುರಾಳಿಗಳ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ ಓಡಬಹುದು. ಅದಕ್ಕೆ ಕದಿಯುವುದು ಎನ್ನುತ್ತಾರೆ. ಯಾವಾಗ ಓಡಬೇಕೆಂದು ಮೂರನೇ ಬೇಸಿನ ಬಳಿ ನಿಂತ ಕೋಚ್ ಕೈಸನ್ನೆಯಲ್ಲಿ ಹೇಳುತ್ತಾನೆ. ಎದುರಾಳಿಗೆ ಗೊತ್ತಾಗಬಾರದೆಂದು ಸುಳ್ಳು ಸನ್ನೆಗಳನ್ನೂ ಸೇರಿಸುತ್ತಾನೆ.

ಕಸ್ತೂರಿ ಮುಂದೆ ಚೆಂಡನ್ನು ನೋಡಲೇ ಇಲ್ಲ. ಆಟ ಮುಗಿಯುವವರೆಗೂ ಆ ಮನುಷ್ಯನ ಕೈಗಳನ್ನೇ ನೋಡುತ್ತ ಕೂತರು.

ಎರಡು ದಿನದ ಮೇಲೆ ಹೊರಟರು. ಕಿಂಗ್ಸ್ ಪಾರ್ಕಿನ ದಿಬ್ಬ, ನದಿಯ ಕಪ್ಪು ಹಂಸಗಳು ಎಲ್ಲವೂ ಹಿಂದೆ ಉಳಿದವು. ಗೋಧಿಯ ಹೊಲಗಳು ಮುಗಿದವು, ಕೆಂಪು ನೆಲ ಶುರುವಾಯಿತು, ಆಮೇಲೆ ಮರಗಳೂ ಮುಗಿದವು. ನಲ್ಲಾರ್ಬರ್ ಬಯಲಿನಲ್ಲಿ ರಸ್ತೆ ಒಂದೇ ಒಂದು ತಿರುವೂ ಇಲ್ಲದೆ ಬಿದ್ದುಕೊಂಡಿತ್ತು. ಅದಿತಿಯ ಫೋನಿಗೆ ಸಿಗ್ನಲ್ ಹೋಯಿತು. ಕಿಟಕಿಯಾಚೆ ನೋಡಲು ಏನೂ ಇರಲಿಲ್ಲ. ಅವಳು ಅಜ್ಜಿಯತ್ತ ನೋಡಿದಳು.

ಕಸ್ತೂರಿ ಹಣೆಯ ನಡುವೆ ಬೆರಳಿಟ್ಟು ತೆಗೆದು, ಮುಂದಿನ ಸೀಟಿನತ್ತ ತೋರಿಸಿ, ಎರಡು ಕೈಯನ್ನು ಕೆನ್ನೆಗಾನಿಸಿದರು.

"ವಾಟ್?"

"ಅಮ್ಮ ನಿದ್ದೆ ಮಾಡ್ತಿದ್ದಾಳೆ ಅಂದೆ. ಕುಂಕುಮ ಇಡೋ ಜಾಗ ಮುಟ್ಟಿದ್ರೆ ಅಮ್ಮ."

ಅನನ್ಯಾ ನಿಜಕ್ಕೂ ನಿದ್ದೆಯಲ್ಲಿದ್ದಳು. ಅದಿತಿ ಕಣ್ಣರಳಿಸಿದಳು. "ಹೂ ಟಾಟ್ ಯೂ?"

"ಯಾರೂ ಕಲಿಸಿಲ್ಲ. ನಾನೂ ನಿನ್ನ ವಸಂತ ತಾತನೂ ಮಾಡಿಕೊಂಡಿದ್ದು."

ವಸಂತಕುಮಾರ್ ಕಸ್ತೂರಿಯವರ ತಮ್ಮ. ಹುಟ್ಟಿನಿಂದ ಕಿವಿ ಕೇಳದು. ಶಾಲೆಗೆ ಸೇರಿದ್ದು ತಡವಾಗಿ. ಅಲ್ಲಿ ಬೇರೆ ಸನ್ನೆಗಳನ್ನು ಕಲಿತರು, ಆದರೆ ಮನೆಯೊಳಗೆ ಅಕ್ಕ ತಮ್ಮ ಕಟ್ಟಿಕೊಂಡ ಮಾತೇ ಉಳಿಯಿತು. ಅವರ ತಾಯಿಗೂ ಅದು ಬರುತ್ತಿತ್ತು. ತಾಯಿ ತೀರಿಕೊಂಡ ಮೇಲೆ ಜಗತ್ತಿನಲ್ಲಿ ಆ ಮಾತು ಬಲ್ಲವರು ಇಬ್ಬರೇ. ವಸಂತಕುಮಾರ್ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದು ನಿವೃತ್ತರಾಗಿ, ಈಗ ಅಕ್ಕನ ಮನೆಯಿಂದ ಎರಡು ಬೀದಿಯಾಚೆ ಇದ್ದರು.

ಕನ್ನಡಿಯಲ್ಲಿ ಅಭಿಷೇಕನ ಕಣ್ಣುಗಳು ಕಾಣುತ್ತಿದ್ದವು. "ಅಮ್ಮಾ, ಮಾವ ಅಷ್ಟೆಲ್ಲಾ ಮಾತಾಡ್ತಾರಾ? ನಾನು ನೋಡಿದಾಗೆಲ್ಲ ಸುಮ್ಮನೆ ನಗ್ತಿದ್ರಪ್ಪ."

"ಸುಮ್ಮನೆ ಯಾಕೆ ನಗ್ತಾನೆ? ಪಕ್ಕದಲ್ಲಿ ಕೂತಿರೋರ ಬಗ್ಗೆ ನಂಗೇನೋ ಹೇಳಿರ್ತಾನೆ, ಅದಕ್ಕೆ ನಗೋದು. ಅವನಷ್ಟು ವಾಚಾಳಿ ನಮ್ಮ ವಂಶದಲ್ಲೇ ಇಲ್ಲ."

ಆಗ ಅವರ ಮನೆಯಿದ್ದ ಬೆಂಗಳೂರಿನಲ್ಲಿ ಬೆಳೆದ ಅಭಿಷೇಕನಿಗೆ ಮಾವನೆಂದರೆ ಹಬ್ಬಕ್ಕೆ ಬಂದು ಕೈಗೆ ಚಾಕೊಲೇಟು ತುರುಕಿ ಹೋಗುವವರು. ಎಲ್ಲರೂ ಮಾವನ ಹತ್ತಿರ ಗಟ್ಟಿಯಾಗಿ ಕೂಗಿ ಮಾತಾಡುತ್ತಿದ್ದರು, ಅವನೂ ಕೂಗುತ್ತಿದ್ದ. "ಸರ್ವೋ ಬಂತು, ಪೆಟ್ರೋಲ್ ಹಾಕಿಸ್ತೀನಿ" ಎಂದು ಬಂಕಿನಲ್ಲಿ ಕಾರು ನಿಲ್ಲಿಸಿದ.

ಸಮುದ್ರಕ್ಕೆ ಕಡಿದಾಗಿ ಇಳಿದ ಬಂಡೆಗಳನ್ನು ನೋಡಲು ನಿಂತಾಗ ಗಾಳಿಗೆ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಅಜ್ಜಿ ಮೊಮ್ಮಗಳಿಗೆ ಮಾತ್ರ ತೊಂದರೆಯಾಗಲಿಲ್ಲ. ಸೆಡೂನಾದ ತಪಾಸಣೆ ಗೇಟಿನಲ್ಲಿ ಹಣ್ಣು ತರಕಾರಿ ಒಯ್ಯುವಂತಿಲ್ಲವೆಂದು ಅಧಿಕಾರಿ ಇವರ ನಿಂಬೆಹಣ್ಣನ್ನೂ ಕರಿಬೇವನ್ನೂ ಕಸದ ಡಬ್ಬಿಗೆ ಹಾಕಿಸಿದ. ಕಸ್ತೂರಿ ಬೇಸರಪಡುವ ಬದಲು ಬೇರೆಯವರು ಏನೇನು ಹಾಕಿದ್ದಾರೆಂದು ಡಬ್ಬಿಯೊಳಗೆ ಬಗ್ಗಿ ನೋಡಿದರು. ಅದಿತಿ ಅವರ ಸೆರಗೆಳೆದು ಕಾರಿಗೆ ಕರೆತಂದಳು.

ಅಡಿಲೇಡಿನಲ್ಲಿ ಬೆಳಿಗ್ಗೆ ಮಾರ್ಕೆಟ್ಟು ಸುತ್ತಿ, ಟ್ರಾಮಿನಲ್ಲಿ ಗ್ಲೆನೆಲ್ಗ್ ಕಡಲತೀರಕ್ಕೆ ಹೋಗಿ ಬಂದರು. ಸಂಜೆ ಆಟ. ಕಸ್ತೂರಿ ಮೂರನೇ ಬೇಸಿನ ಹತ್ತಿರದ ಸೀಟೇ ಬೇಕೆಂದರು. ಅಡಿಲೇಡಿನ ಕೋಚ್ ದಪ್ಪ ಮೀಸೆಯವನು, ಕೈ ಬಲು ಚುರುಕು. ನಾಲ್ಕನೇ ಸರದಿ ಮುಗಿಯುವ ಹೊತ್ತಿಗೆ ಕಸ್ತೂರಿ ಮೊಮ್ಮಗಳ ಕಿವಿಗೆ ಬಗ್ಗಿದರು.

"ಬೆಲ್ಟು ಮುಟ್ಟೋವರೆಗೂ ಅವನು ಮಾಡೋದೆಲ್ಲ ಬರೀ ಗಲಾಟೆ. ಬೆಲ್ಟು ಮುಟ್ಟಿದ ಮೇಲೆ ಮಾಡೋದೊಂದೇ ಮಾತು. ತೋಳು ಒರೆಸಿಕೊಂಡ್ರೆ ಓಡು ಅಂತ."

"ಹೌ ಡು ಯೂ ನೋ?"

"ಅಮ್ಮನ ಮುಂದೆ ಗುಟ್ಟು ಮಾತಾಡೋಕೆ ನಾವೂ ಹಿಂಗೇ ಮಾಡ್ತಿದ್ವಿ."

ಅದಿತಿ ನಂಬಲಿಲ್ಲ. ಮೀಸೆಯವನು ಟೋಪಿ, ಕಿವಿ, ಬೆಲ್ಟು, ತೋಳು ಮುಟ್ಟಿದ. ಮೊದಲ ಬೇಸಿನ ಹುಡುಗ ಓಡಿದ. ಇನ್ನೊಂದು ಸಲ ಬೆಲ್ಟು ಮುಟ್ಟದೆ ತೋಳು ಒರೆಸಿಕೊಂಡ. ಯಾರೂ ಓಡಲಿಲ್ಲ. ಅದಿತಿ ಅಜ್ಜಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮುಂದಿನ ಸಲ ಬೆಲ್ಟು, ತೋಳು ಕಂಡದ್ದೇ ತಡ, ಅವಳಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಹೀಸ್ ಗೋಯಿಂಗ್!" ಎಂದು ಪರ್ತ್ ಆಟಗಾರರಿಗೆ ಕೇಳುವಂತೆ ಕಿರುಚಿದಳು. ಚೆಂಡು ಹಿಡಿಯುವವನು ಎಚ್ಚೆತ್ತು ಮುಂದಿನ ಬೇಸಿಗೆ ಸರ್ರನೆ ಎಸೆದ. ಓಡಿದ ಹುಡುಗ ಧೂಳಿನಲ್ಲಿ ಉರುಳಿ ಔಟಾದ.

ಮೀಸೆಯವನು ತಿರುಗಿ ನೋಡಿದ. ಹತ್ತಿ ಸೀರೆಯುಟ್ಟು ಪರ್ತ್ ತಂಡದ ಟೋಪಿ ಹಾಕಿ ಕೂತಿದ್ದ ಮುದುಕಿಯನ್ನೂ ಪಕ್ಕದ ಹುಡುಗಿಯನ್ನೂ ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ಕಸ್ತೂರಿಯವರ ಕಡೆ ಬೆರಳಾಡಿಸಿ ಟೋಪಿ ಎತ್ತಿದ. ಮುಂದಿನ ಸರದಿಯಿಂದ ಸನ್ನೆಗಳೆಲ್ಲ ಬದಲಾದವು.

"ಅಮ್ಮಾ, ಏನಿದು? ಎಲ್ಲರೂ ನೋಡ್ತಿದ್ದಾರೆ," ಎಂದ ಅಭಿಷೇಕ. ಆದರೆ ಅವನಿಗೂ ನಗು ತಡೆಯಲಾಗಲಿಲ್ಲ. ಕಸ್ತೂರಿಯವರಿಗೆ ಮಾತ್ರ ಧೂಳು ಕೊಡವಿಕೊಂಡು ಹೋದ ಹುಡುಗನ ಮುಖ ನೋಡಿ ಒಂದು ತರಹವಾಯಿತು. "ತಿಳ್ಕೊಳ್ಳೋದು ಸರಿ ಪುಟ್ಟಿ, ಕೂಗಿ ಹೇಳೋದು ಬೇಡ. ಅವರ ಮಾತು ಅವರದು," ಎಂದರು. ಅದಿತಿ ತಲೆಯಾಡಿಸಿದಳು.

ಅಲ್ಲಿಂದ ಬ್ರಿಸ್ಬೇನಿಗೆ ಇನ್ನೂ ಮೂರು ದಿನದ ದಾರಿ. ಅಷ್ಟರಲ್ಲಿ ಅದಿತಿಗೆ ನೀರು, ಹಸಿವು, ಸುಳ್ಳು, ಬಾ, ಸಾಕು, ಪೊಲೀಸು ಎಲ್ಲ ಬಂದಿತ್ತು. ಅಜ್ಜಿಯೂ ಅಲ್ಲಿಯವರಂತೆ ಬಂಕಿಗೆ ಸರ್ವೋ, ಮಧ್ಯಾಹ್ನಕ್ಕೆ ಆರ್ವೋ ಎನ್ನಲು ಶುರುಮಾಡಿದ್ದರು. ಹರ್ಷ ಒಂದು ದಿನ ಎಲ್ಲರನ್ನೂ ನದಿಯ ದೋಣಿ ಹತ್ತಿಸಿ, ಸೇತುವೆ ತೋರಿಸಿ, ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಊಟ ಹಾಕಿಸಿದ. ಬೆವರು ಮೈಸೂರಿನ ಏಪ್ರಿಲ್ ತಿಂಗಳನ್ನು ನೆನಪಿಸುತ್ತಿತ್ತು.

ಆಟದ ದಿನ ಕಸ್ತೂರಿಯವರಿಗೆ ಏನೂ ಬಗೆಹರಿಯಲಿಲ್ಲ. ಬ್ರಿಸ್ಬೇನಿನ ಕೋಚ್ ಬೆಲ್ಟು ಮುಟ್ಟಿದರೂ ಯಾರೂ ಓಡಲಿಲ್ಲ, ಕಿವಿ ಮುಟ್ಟಿದರೂ ಓಡಲಿಲ್ಲ. ಯಾವುದಕ್ಕೂ ಒಂದು ಲೆಕ್ಕವೇ ಇಲ್ಲ. "ಇವನು ನನ್ನ ಕೈಗೆ ಸಿಗ್ತಿಲ್ಲ ಕಣೇ. ವಸಂತ ಇರಬೇಕಿತ್ತು," ಎಂದರು.

"ಕಾಲ್ ಹಿಮ್!" ಎಂದಳು ಅದಿತಿ.

ಮೈಸೂರಿನಲ್ಲಿ ಆಗ ಮಧ್ಯಾಹ್ನ. ವಿಡಿಯೊದಲ್ಲಿ ವಸಂತಕುಮಾರ್ ಬನಿಯನ್ನಿನಲ್ಲಿ, ಊಟ ಮುಗಿಸಿ ಅಡಿಕೆ ಜಗಿಯುತ್ತ ಕಾಣಿಸಿಕೊಂಡರು. ಕಸ್ತೂರಿ ಸನ್ನೆಯಲ್ಲೇ ವಿಷಯ ಹೇಳಿದರು. ಅದಿತಿ ಫೋನನ್ನು ತಿರುಗಿಸಿ, ಚಿತ್ರ ಹಿಗ್ಗಿಸಿ ಕೋಚನ್ನು ತೋರಿಸಿದಳು. ವಸಂತಕುಮಾರ್ ಸ್ವಲ್ಪ ನೋಡಿ ಕೈಬೀಸಿದರು. ಇವನು ಬೇಡ, ಆ ಓಡುವ ಹುಡುಗನ ಮುಖ ತೋರಿಸು.

ಅದಿತಿ ತೋರಿಸಿದಳು. ಒಂದೆರಡು ಎಸೆತ ಕಳೆಯಿತು. ವಸಂತಕುಮಾರ್ ಹೊಟ್ಟೆ ಕುಣಿಸಿ ನಗತೊಡಗಿದರು. ಅವರ ಬೆರಳುಗಳು ಎಷ್ಟು ವೇಗವಾಗಿ ಓಡಿದವೆಂದರೆ ಕಸ್ತೂರಿ ಎರಡು ಸಲ ತಡೆಯಬೇಕಾಯಿತು.

"ಹುಡುಗ ಆ ಕೋಚನ್ನ ನೋಡ್ತಾನೇ ಇಲ್ವಂತೆ. ನೋಡೋ ಹಾಗೆ ನಟಿಸ್ತಾನಂತೆ. ಅವನ ಕಣ್ಣು ಆಚೆ ಬೆಂಚಿನ ಕಡೆ ಹೋಗುತ್ತಂತೆ. ಕೋಚ್ ಆಡೋದು ನಾಟಕ. ಮಾತಾಡ್ತಿರೋನು ಬೆಂಚಲ್ಲಿ ಕೂತಿದ್ದಾನೆ, ಹುಡುಕು ಅಂತಿದ್ದಾನೆ."

ಅಭಿಷೇಕ ಕತ್ತು ಚಾಚಿದ. ಬೆಂಚಿನ ತುದಿಯಲ್ಲಿ ಜಾಕೆಟ್ ಹೊದ್ದು ಕೂತ ಒಬ್ಬ, ಬೇಸರ ಬಂದವನಂತೆ, ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಕಿದ. ಬೇಸಿನ ಹುಡುಗ ಓಡಿದ. ಮುಂದಿನ ಸಲ ಅವನು ಮತ್ತೆ ಕಾಲು ಬದಲಿಸಿದ. ಬೇರೊಬ್ಬ ಓಡಿದ.

"ಅಯ್ಯೋ!" ಎಂದ ಅಭಿಷೇಕ. "ನಾವಿಲ್ಲೇ ಕೂತು ನೋಡಲಿಲ್ಲ, ಅವರು ಮೈಸೂರಲ್ಲಿ ಕೂತು..."

ಅದಿತಿ ಈ ಸಲ ಕೂಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಸೀಟಿನಲ್ಲೇ ಕುಣಿದಳು.

ಫೋನಿನಲ್ಲಿ ವಸಂತಕುಮಾರ್ ಬೆರಳಿನಿಂದ ಮೂಗಿನ ಕೆಳಗೆ ಎರಡು ಸಲ ಒರೆಸಿಕೊಂಡು, ಅಂಗೈ ಮೇಲೆ ಮಾಡಿ ಕೇಳಿದರು.

"ವಾಟ್ಸ್ ದಟ್, ಅಜ್ಜಿ? ಕೋಲ್ಡ್?"

"ಅಲ್ಲ. ನಿಮ್ಮಪ್ಪ ಎಲ್ಲಿ ಅಂತ ಕೇಳ್ತಿದ್ದಾನೆ."

"ಅದು ನಾನಾ?" ಅಭಿಷೇಕ ತಿರುಗಿದ.

"ಹೂಂ. ಅದು ನಿನ್ನ ಹೆಸರು. ಚಿಕ್ಕೋನಿದ್ದಾಗ ಯಾವಾಗ್ಲೂ ಮೂಗು ಸೋರ್ತಿತ್ತಲ್ಲ."

ಅದಿತಿಗೂ ಅನನ್ಯಾಳಿಗೂ ನಗು ನಿಲ್ಲಲಿಲ್ಲ. ಅಭಿಷೇಕ ನಗಲಿಲ್ಲ. "ನಂಗೊಂದು ಹೆಸರಿತ್ತಾ?" ಎಂದ. "ಇಷ್ಟು ವರ್ಷ?"

"ಇಲ್ದೇ ಏನು? ದಿನಾ ನಿನ್ನ ಸುದ್ದಿ ಹೇಳ್ತೀನಲ್ಲ ಅವನಿಗೆ."

ಕಸ್ತೂರಿ ಮಗನ ಮುಖ ನೋಡಿದರು. ನಲವತ್ತೆರಡರ ಗಂಡಸು, ಹೊಸದಾಗಿ ನಾಮಕರಣ ಮಾಡಿಸಿಕೊಂಡವನಂತೆ ಕೂತಿದ್ದ. ಆಮೇಲೆ ಫೋನನ್ನು ಮಗಳ ಕೈಯಿಂದ ತೆಗೆದುಕೊಂಡ. ಏನು ಮಾಡಬೇಕೆಂದು ತಿಳಿಯದೆ, ಬೆರಳನ್ನು ಮೂಗಿನ ಕೆಳಗೆ ಒರೆಸಿ, ಎದೆ ಮುಟ್ಟಿಕೊಂಡ. ನಾನೇ.

ವಸಂತಕುಮಾರ್ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು. ಪರದೆಗೆ ಮುಖ ತೀರಾ ಹತ್ತಿರ ತಂದು ನೋಡಿದರು. ಆಮೇಲೆ ಏನೇನೋ ಹೇಳತೊಡಗಿದರು. ಅಭಿಷೇಕನಿಗೆ ಒಂದೂ ತಿಳಿಯಲಿಲ್ಲ, ಆದರೂ ಕಣ್ಣು ತೆಗೆಯಲಿಲ್ಲ. ಕಸ್ತೂರಿ ಅನುವಾದಿಸಲು ಹೋದರು. "ಇರಮ್ಮಾ, ಮುಗಿಸಲಿ," ಎಂದ.

ಅದಿತಿ ನಡುವೆ ತಲೆ ತೂರಿಸಿದಳು. "ಅಜ್ಜಿ, ನನ್ ಹೆಸರು ಕೇಳು! ನನ್ ಹೆಸರೇನು?" ಅವಳ ಬಾಯಿಂದ ಪೂರ್ತಿ ಕನ್ನಡ ಬಂದದ್ದನ್ನು ಯಾರೂ ಗಮನಿಸಲಿಲ್ಲ.

ಕಸ್ತೂರಿ ಕೇಳಿದರು. ಉತ್ತರ ಚಿಕ್ಕದಾಗಿತ್ತು.

"ಇನ್ನೂ ಇಟ್ಟಿಲ್ಲವಂತೆ. ಫೋಟೋ ನೋಡಿ ಹೆಸರಿಡೋಕಾಗಲ್ಲ, ಎದುರಿಗೆ ಬರಲಿ, ಹತ್ತು ದಿನ ನೋಡಿ ಇಡ್ತೀನಿ ಅಂತಿದ್ದಾನೆ."

ಅದಿತಿ ಅಪ್ಪನ ಮುಖ ನೋಡಿದಳು. ಅಭಿಷೇಕ ಹೆಂಡತಿಯ ಮುಖ ನೋಡಿದ. "ಏಪ್ರಿಲ್‌ನಲ್ಲಿ ಸ್ಕೂಲ್ ರಜ ಇದೆ," ಎಂದಳು ಅನನ್ಯಾ.

ಕಸ್ತೂರಿ ಅದನ್ನು ತಮ್ಮನಿಗೆ ಹೇಳಿದರು. ವಸಂತಕುಮಾರ್ ಸರಿ ಎಂದು ತಲೆಯಾಡಿಸಿ, ಕೂಡಲೇ ಅಸಹನೆಯಿಂದ ಫೋನು ತಿರುಗಿಸುವಂತೆ ಸನ್ನೆ ಮಾಡಿದರು. ಆಟ ಏನಾಯಿತು, ತೋರಿಸಿ!

ಯಾರಿಗೂ ಗೊತ್ತಿರಲಿಲ್ಲ. ಸುತ್ತಲಿನವರೆಲ್ಲ ಎದ್ದು ನಿಂತು ಕೂಗುತ್ತಿದ್ದರು. ಅದಿತಿ ಸೀಟಿನ ಮೇಲೆ ಹತ್ತಿ, ಫೋನನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಚೆಂಡು ಎಲ್ಲಿ ಬಿತ್ತೆಂದು ಹುಡುಕತೊಡಗಿದಳು.