ಮೇಲೇರಿಸಿದ ಬಳೆಗಳು

ದೊಡ್ಡವೆಂಕಟಪ್ಪ ಗೋಡೆಯ ಕನ್ನಡಿಯನ್ನು ಮೊಳೆಯಿಂದ ಬಿಡಿಸಿ ತಂದು ತಮ್ಮನ ಮೂಗಿನ ಕೆಳಗೆ ಹಿಡಿದಿದ್ದ. ಬೆಳಗಿನಿಂದ ಇದು ಎಷ್ಟನೆಯ ಸಲವೋ. ಗಾಜಿನ ಮೇಲೆ ಆವಿ ಕೂರುವುದೋ ಎಂದು ಕಣ್ಣು ಕಿರಿದುಮಾಡಿ ನೋಡಿದ. ಬಾಗಿಲಲ್ಲಿ ಇಣುಕುತ್ತಿದ್ದವರೂ ಉಸಿರು ಬಿಗಿಹಿಡಿದರು. ಕನ್ನಡಿ ತಿಳಿಯಾಗಿಯೇ ಉಳಿಯಿತು.

“ಈ ಕನ್ನಡಿ ಸರಿಗಿಲ್ಲ. ರಸ ಬಿಟ್ಟೋಗೈತೆ,” ಎಂದು ಅವನು ಅದನ್ನು ಪಂಚೆಯಲ್ಲಿ ಒರೆಸಿದ.

ಕೊಟ್ಟಿಗೆಗೆ ಅಂಟಿಕೊಂಡ ಆ ಸಣ್ಣ ಕೋಣೆಯಲ್ಲಿ ಗೋಣಿತಾಟಿನ ಮೇಲೆ ಬಚ್ಚಪ್ಪ ಚಕ್ಕಳಮಕ್ಕಳ ಹಾಕಿ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ನಿನ್ನೆ ಬೆಳಗ್ಗೆ ಹಾಗೆಯೇ ಕೂತವನು ಎದ್ದಿರಲಿಲ್ಲ. ಹೊತ್ತೇರಿದ ಮೇಲೆ ನೋಡಿದಾಗ ಮೈ ತಣ್ಣಗಿತ್ತು. ಸಂಜೆ ಬಂಗಾರಪೇಟೆಯಿಂದ ಬಂದ ಡಾಕ್ಟರು ಎದೆಗೆ ಕೊಳವೆಯಿಟ್ಟು ನೋಡಿ, ಆಗಿಹೋಗಿದೆ, ಇನ್ನು ಮುಂದಿನದು ನೋಡಿಕೊಳ್ಳಿ ಎಂದು ಹೇಳಿ ಹೋಗಿದ್ದರು. ದೊಡ್ಡವೆಂಕಟಪ್ಪ ಒಪ್ಪಲಿಲ್ಲ. ಬೆಂಗಳೂರಿನವರು ಮಿಷನ್ ತಂದಾಗಲೂ ತನ್ನ ತಮ್ಮನ ನಾಡಿ ಸಿಕ್ಕಿರಲಿಲ್ಲ, ಬರೀ ಕೊಳವೆ ಹಿಡಿದವನಿಗೆ ಏನು ಗೊತ್ತಾದೀತು ಎಂದ. ಇವತ್ತು ಹೊತ್ತು ವಾಲುವ ತನಕ ಕಾಯುವುದು; ಕಣ್ಣು ಬಿಟ್ಟರೆ ಸರಿ, ಇಲ್ಲವಾದರೆ ಅದು ಸಾವಲ್ಲ, ಸಮಾಧಿ; ಕೂತವನನ್ನು ಕೂತಂತೆಯೇ ಇಳಿಸುವುದು ಎಂದು ತೀರ್ಮಾನವಾಗಿತ್ತು. ಹೊಲದ ಮೂಲೆಯ ಹೊಂಗೆಮರದ ಬುಡದಲ್ಲಿ ಚೌಕನೆಯ ಗುಂಡಿ ತೋಡಿದ್ದಾಗಿತ್ತು. ಉಪ್ಪಿನ ಮೂಟೆ, ವಿಭೂತಿ ಜಗಲಿಗೆ ಬಂದಿದ್ದವು. ಪಕ್ಕದ ಹಳ್ಳಿಯ ಭಜನೆಯವರು ಅಂಗಳದಲ್ಲಿ ತಾಳ ಹಾಕುತ್ತಿದ್ದರು.

ಹೊಸಿಲಿನ ಪಕ್ಕ ಬಚ್ಚಪ್ಪನ ಹೆಂಡತಿ ಪಾಪಕ್ಕ ಕೂತಿದ್ದಳು. ಯಾರೂ ಅವಳ ಕುಂಕುಮ ಅಳಿಸಿರಲಿಲ್ಲ, ಬಳೆ ಒಡೆದಿರಲಿಲ್ಲ. ಅಳುವುದಕ್ಕೂ ಬಿಟ್ಟಿರಲಿಲ್ಲ.

“ಅಳಬ್ಯಾಡ ಅತ್ತಿಗೆ,” ಎಂದಳು ನಾದಿನಿ ಗಂಗರತ್ನಮ್ಮ. “ಸಮಾಧಿಯಾದೋರಿಗೆ ಅಳಬಾರದಂತೆ.” ಹಾಗೆಂದು ತಾನೇ ಹಿತ್ತಲಿಗೆ ಹೋಗಿ, ಒಲೆಯ ಹೊಗೆಯ ನೆಪದಲ್ಲಿ ಮೂಗು ಸೀನಿ ಬಂದಳು.

ಪಾಪಕ್ಕ ತನ್ನ ಬಳೆಗಳನ್ನು ಮೊಣಕೈಯ ಹತ್ತಿರಕ್ಕೆ ಏರಿಸಿ ಸಿಕ್ಕಿಸಿಕೊಂಡಿದ್ದಳು. ಈ ಕೋಣೆಯ ಹತ್ತಿರ ಬಂದಾಗಲೆಲ್ಲ ಹಾಗೆ ಮಾಡುವುದು ಅವಳಿಗೆ ರೂಢಿಯಾಗಿತ್ತು.

*

ಹಲವು ವರ್ಷಗಳ ಹಿಂದೆ ಬಚ್ಚಪ್ಪ ದಿನಾ ಬಂಗಾರಪೇಟೆಗೆ ನಡೆದು ಹೋಗಿ ಚಿನ್ನದ ಗಣಿಯ ರೈಲು ಹಿಡಿಯುತ್ತಿದ್ದ. ಚಾಂಪಿಯನ್ ರೀಫ್ಸ್ ಕಡೆ, ನೆಲದಾಳದ ಸುರಂಗದಲ್ಲಿ, ಮೇಲಿನ ಬಂಡೆ ಕುಸಿಯದಂತೆ ಮರದ ದಿಮ್ಮಿಗಳನ್ನು ಆನಿಸಿ ನಿಲ್ಲಿಸುವ ಕೆಲಸ. ಜೊತೆಯಾಳು ಚಿನ್ನತಂಬಿ, ಗಣಿಯ ಲೈನುಮನೆಯಲ್ಲೇ ಹುಟ್ಟಿ ಬೆಳೆದ ತಮಿಳಿನವನು. ಒಂದು ದಿನ ಗಣಿಯವರು ಏರ್‌ಬ್ಲಾಸ್ಟ್ ಎಂದು ಕರೆಯುವುದು ಆಯಿತು. ಒತ್ತಡ ತಾಳದೆ ಬಂಡೆ ತಾನಾಗಿ ಸಿಡಿದು ದಾರಿ ಮುಚ್ಚಿತು. ಇಬ್ಬರನ್ನೂ ಹೊರಗೆ ತೆಗೆದದ್ದು ಮರುದಿನ ಸಂಜೆಗೆ. ಜೀವ ಇದ್ದೀತೆಂದು ಯಾರೂ ನೆಚ್ಚಿರಲಿಲ್ಲ.

ಬಚ್ಚಪ್ಪ ಮತ್ತೆ ಕೆಳಗೆ ಇಳಿಯಲಿಲ್ಲ. ರಾಗಿ ಹೊಲ, ಎರಡು ಹಸು ನೋಡಿಕೊಂಡು ಊರಲ್ಲೇ ಉಳಿದ. ಆದರೆ ಬೆಳಕು ಹರಿಯುವ ಮುಂಚೆ ಕೊಟ್ಟಿಗೆಯ ಪಕ್ಕದ ಕತ್ತಲ ಕೋಣೆಗೆ ಹೋಗಿ ಕೂರತೊಡಗಿದ. ಮೊದಮೊದಲು ಹಾಲು ಕರೆಯುವ ತನಕ. ಆಮೇಲೆ ಬಿಸಿಲು ಅಂಗಳಕ್ಕೆ ಬರುವ ತನಕ. ಏನು ಮಾಡುತ್ತೀರಿ ಎಂದು ಪಾಪಕ್ಕ ಕೇಳಿದರೆ, ಸುಮ್ಮನೆ ಕೂರುತ್ತೇನೆ ಎನ್ನುತ್ತಿದ್ದ. ಒಳಗೆ ಸಿಕ್ಕಿಕೊಂಡಾಗ ಬೆಳಕು ಕಂಡಿತು ಎಂದು ಒಮ್ಮೆ ಅಣ್ಣನ ಹತ್ತಿರ ಬಾಯಿಬಿಟ್ಟದ್ದೇ ತಪ್ಪಾಯಿತು. ಅಣ್ಣ ಅದನ್ನು ಊರಿಗೆ ಹಂಚಿದ. ಜ್ವರದ ಮಕ್ಕಳನ್ನು ಎತ್ತಿಕೊಂಡು ಹೆಂಗಸರು ಬರತೊಡಗಿದರು. ಬಚ್ಚಪ್ಪ ನಾಚಿಕೊಂಡು ವಿಭೂತಿ ಹಚ್ಚಿ, ಬಂಗಾರಪೇಟೆ ಆಸ್ಪತ್ರೆಗೂ ತೋರಿಸಿ ಎಂದು ಹೇಳಿ ಕಳಿಸುತ್ತಿದ್ದ.

ಸುದ್ದಿ ಎಲ್ಲೆಲ್ಲೋ ತಿರುಗಿ ಬೆಂಗಳೂರು ಮುಟ್ಟಿತು. ಧ್ಯಾನಕ್ಕೆ ಕೂತವರ ಮೈಯಲ್ಲಿ ಏನು ನಡೆಯುತ್ತದೆಂದು ಅಳೆಯುವ ಇಬ್ಬರು ಡಾಕ್ಟರುಗಳು ಒಂದು ಬೆಳಗ್ಗೆ ಜೀಪಿನಲ್ಲಿ ಬಂದಿಳಿದರು. ಟ್ರಂಕಿನಷ್ಟು ದೊಡ್ಡ ಮಿಷನ್, ಅದರಿಂದ ಹೊರಟ ತಂತಿಗಳು. ತಲೆಗೆ, ಎದೆಗೆ, ಬೆರಳಿಗೆ ಅಂಟು ಹಚ್ಚಿ ಸಿಕ್ಕಿಸಿದರು. ಮಿಷನ್ನಿನ ಮುಳ್ಳುಗಳು ಓಡುವ ಕಾಗದದ ಮೇಲೆ ಗೆರೆ ಎಳೆಯತೊಡಗಿದವು. ಬಚ್ಚಪ್ಪ ಕಣ್ಣು ಮುಚ್ಚಿದ. ಬರಬರುತ್ತ ಉಸಿರಿನ ಗೆರೆ ಚಪ್ಪಟೆಯಾಯಿತು. ದೊಡ್ಡವೆಂಕಟಪ್ಪ ತಮ್ಮನ ಕೈ ಹಿಡಿದು, ನಾಡಿಯೇ ಇಲ್ಲವೆಂದು ಎದ್ದು ನಿಂತ.

“ನಿಂತಿಲ್ಲ ಯಜಮಾನರೇ,” ಎಂದರು ಕನ್ನಡಕದ ಡಾಕ್ಟರು. “ಹೃದಯ ನಡೀತಾನೇ ಇದೆ, ಈ ಗೆರೆ ನೋಡಿ. ಇವರು ಎದೆ, ತೋಳು ಬಿಗಿ ಹಿಡಿದಿದ್ದಾರೆ. ಅದಕ್ಕೆ ಕೈಗೆ ನಾಡಿ ಸಿಗ್ತಿಲ್ಲ, ಅಷ್ಟೆ.”

ದೊಡ್ಡವೆಂಕಟಪ್ಪ ಕೊನೆಯ ಮಾತನ್ನಷ್ಟೇ ಕಿವಿಗೆ ಹಾಕಿಕೊಂಡ. ಬಂಗಾರಪೇಟೆ ಸ್ಟೇಷನ್ನಿನ ಹೋಟೆಲುಗಳಲ್ಲಿ ಓಡಾಡಿದ್ದೂ ಅಷ್ಟೇ. ಮೊದಲಿನ ಮಾತು ಬಾಗಿಲ ಮರೆಯಲ್ಲಿದ್ದ ಪಾಪಕ್ಕನ ಹತ್ತಿರ ಉಳಿಯಿತು. ಅವಳನ್ನು ಯಾರೂ ಕೇಳಲಿಲ್ಲ.

ಆಮೇಲೆ ಡಾಕ್ಟರು ಅವನ ಬೆನ್ನ ಹಿಂದೆ ಹಿತ್ತಾಳೆ ತಟ್ಟೆ ಬಡಿದರು. ಗೆರೆ ಕದಲಲಿಲ್ಲ. ಅಣ್ಣ ಕಿವಿಯಲ್ಲಿ ಬಚ್ಚಾ ಬಚ್ಚಾ ಎಂದು ಕೂಗಿದ. ಕದಲಲಿಲ್ಲ. ಆ ಹೊತ್ತಿಗೆ ಪಾಪಕ್ಕ ಡಾಕ್ಟರುಗಳಿಗೆಂದು ಮಜ್ಜಿಗೆಯ ಲೋಟ ಹಿಡಿದು ಹೊಸಿಲು ದಾಟಿದಳು. ಕೈಬಳೆ ಲೋಟಕ್ಕೆ ತಗುಲಿ ಸದ್ದಾಯಿತು. ಮುಳ್ಳುಗಳು ಒಮ್ಮೆಗೇ ಎದ್ದು ಕುಣಿದವು.

ಡಾಕ್ಟರು ಕನ್ನಡಕ ಸರಿಮಾಡಿಕೊಂಡು, ಇನ್ನೊಂದು ಸಲ ಹೊರಗೆ ಹೋಗಿ ಬರುವಂತೆ ಅವಳಿಗೆ ಹೇಳಿದರು. ಹೋಗಿ ಬಂದಳು. ಮತ್ತೆ ಎದ್ದವು. ಡಾಕ್ಟರುಗಳು ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಏನೋ ಹೇಳಿಕೊಂಡು ಬರೆದುಕೊಂಡರು. ಅದೇನೆಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೇಳಿದವನು ಬಾವ ದೊಡ್ಡವೆಂಕಟಪ್ಪನೇ:

“ತಪಸ್ಸು ಕೆಡ್ಸಾಕೆ ಇಂದ್ರ ಯಾರನ್ನೂ ಕಳಿಸಬೇಕಾಗಿಲ್ಲ ಕಣ್ರಪ್ಪ. ನಮ್ಮನೇಲೇ ಅವಳೆ.”

ನೆರೆದವರೆಲ್ಲ ನಕ್ಕರು. ಪಾಪಕ್ಕ ಅಡುಗೆಮನೆಗೆ ಹೋಗಿ ಬಳೆಗಳನ್ನು ಚರ್ಮ ಕೆಂಪಾಗುವಂತೆ ಮೇಲಕ್ಕೆ ದಬ್ಬಿಕೊಂಡಳು. ಸಂಜೆ ಮುದ್ದೆ ಬಡಿಸುವಾಗ ಬಚ್ಚಪ್ಪ ಅದನ್ನು ನೋಡಿದ.

“ಬಳೆ ಯಾಕೆ ಮೇಲೇರ್ಸಿದೀಯ?”

“ಕೆಲಸಕ್ಕೆ ಅಡ್ಡ ಬತ್ತವೆ.”

ಅವನು ಇನ್ನೇನೋ ಹೇಳುವವನಂತೆ ಅವಳ ಕೈಯನ್ನೇ ನೋಡಿದ. ಆಮೇಲೆ ಮುದ್ದೆ ಮುರಿದ.

*

ಸುದ್ದಿ ತಿಳಿದು ಚಿನ್ನತಂಬಿ ಇವತ್ತು ಬಂದದ್ದು ಮಧ್ಯಾಹ್ನದ ರೈಲಿಗೆ. ಸ್ಟೇಷನ್ನಿನಿಂದ ನಡೆದು ಬರುವಷ್ಟರಲ್ಲಿ ಗಣಿಯ ಧೂಳು ತಿಂದ ಅವನ ಎದೆ ತಿದಿ ಊದಿದಂತೆ ಸದ್ದುಮಾಡುತ್ತಿತ್ತು. ಜಗಲಿಯ ಮೇಲೆ ಕೂತು ಕೆಮ್ಮಿ ಮುಗಿಸಿದ ಮೇಲೆಯೇ ಒಳಗೆ ಬಂದ. ಎಲ್ಲರಂತೆ ಅಡ್ಡಬೀಳಲಿಲ್ಲ. ಬಚ್ಚಪ್ಪನ ಎದುರು ಕುಕ್ಕರುಗಾಲಲ್ಲಿ ಕೂತು ಅವನ ಮೊಣಕಾಲ ಮೇಲೆ ಕೈಯಿಟ್ಟ.

ದೊಡ್ಡವೆಂಕಟಪ್ಪನಿಗೆ ಹುರುಪು ಬಂತು. ಒಳಗೆ ಕಂಡ ಬೆಳಕಿನ ಸಂಗತಿ ನೀನೇ ಜನಕ್ಕೆ ಹೇಳು, ಕಣ್ಣಾರೆ ಕಂಡವನು ನೀನೊಬ್ಬನೇ ಎಂದ. ಭಜನೆಯವರು ತಾಳ ನಿಲ್ಲಿಸಿದರು.

“ಬೆಳಕಾ?” ಎಂದ ಚಿನ್ನತಂಬಿ. “ನಾನೂ ನೋಡ್ದೆ ಅಣ್ಣೆ. ಗಾಳಿ ಕಮ್ಮಿ ಆಯ್ತು ಅಂದ್ರೆ ಯಾರಿಗಾದ್ರೂ ಕಾಣುತ್ತೆ. ನಮ್ಮ ಅಪ್ಪನೂ ನೋಡಿದ್ರು.”

“ಅಂಗಂದ್ರೆ ದೇವರಲ್ಲವಾ?” ಎಂದ ದೊಡ್ಡವೆಂಕಟಪ್ಪ.

“ಅದು ನನಗೆ ತೆರಿಯಾದು. ಗೊತ್ತಿಲ್ಲ. ನನಗೆ ಬಯ ಆಯ್ತು, ಕಣ್ಣು ಬಿಟ್ಟೆ. ಇವನಿಗೆ ಬಯ ಆಗ್ಲಿಲ್ಲ. ದಿನಾ ಅದ್ನೇ ಹುಡುಕ್ಕೊಂಡು ಹೋದ.”

ಜನಕ್ಕೆ ಇದು ರುಚಿಸಲಿಲ್ಲ. ಒಬ್ಬಿಬ್ಬರು ಅಂಗಳಕ್ಕೆ ಸರಿದರು. ತಾಳ ಮತ್ತೆ ಶುರುವಾಯಿತು. ಚಿನ್ನತಂಬಿ ಹೊಸಿಲಿನವರೆಗೆ ತೆವಳಿಕೊಂಡು ಬಂದು ಪಾಪಕ್ಕನ ಪಕ್ಕ ಕೂತ. ಇಷ್ಟು ವರ್ಷ ಗಂಡ ಹೇಳದೆ ಇದ್ದದ್ದನ್ನು ಅವನು ತಗ್ಗಿದ ದನಿಯಲ್ಲಿ, ಕೆಮ್ಮಿನ ನಡುವೆ ಹೇಳಿದ. ಸಿಕ್ಕಿಕೊಂಡರೆ ಓಡಾಡಬಾರದು, ಕೂಗಬಾರದು. ಇರುವ ಗಾಳಿ ಬೇಗ ತೀರುತ್ತದೆ. ಮೆಲ್ಲ ಮೂಚ್ಚು ವಿಡು, ಮೆಲ್ಲಗೆ ಉಸಿರು ಬಿಡು ಎಂದು ತಾನೇ ಬಚ್ಚಪ್ಪನಿಗೆ ಕಲಿಸಿದ್ದು. ಹಾಗೆ ಬಿಡುತ್ತ ಬಿಡುತ್ತ ಮನಸ್ಸು ದೂರ ಹೋಗಿಬಿಡುತ್ತದೆ. ಹೋದವರು ತಾವಾಗಿ ಬರಲಾರರು. ಅದಕ್ಕೆ ಒಬ್ಬ ದೂರ ಹೋದಾಗ ಇನ್ನೊಬ್ಬ ಕಲ್ಲು ತೆಗೆದುಕೊಂಡು, ಪಕ್ಕದಲ್ಲಿ ಹಾದುಹೋಗಿದ್ದ ಕಬ್ಬಿಣದ ಪೈಪಿನ ಮೇಲೆ ತಟ್ಟುತ್ತಿದ್ದ. ಇವನು ಹೋದಾಗ ತಾನು ತಟ್ಟಿದೆ, ತಾನು ಹೋದಾಗ ಇವನು.

“ಬೇರೆ ಏನೂ ಕೇಳ್ಸಲ್ಲ ತಂಗಚ್ಚಿ. ಹೆಸರು ಹಿಡಿದು ಕೂಗಿದ್ರೂ ಕೇಳ್ಸಲ್ಲ. ಅದೊಂದು ಸದ್ದು ಮಾತ್ರ ಹಗ್ಗ ಹಿಡಿದು ಎಳೆದಂಗೆ ಎಳೆಯುತ್ತೆ.”

ಪಾಪಕ್ಕ ನೆಲ ನೋಡುತ್ತಿದ್ದಳು.

“ಮನೇಲಿ ಕೂತಾಗ ಇವನಿಗೆ ಯಾರು ತಟ್ತಾ ಇದ್ರು?” ಎಂದು ಚಿನ್ನತಂಬಿ ಕೇಳಿದ. ತಿಳಿದುಕೊಳ್ಳಬೇಕೆಂದಷ್ಟೇ ಕೇಳಿದ್ದ.

ಅವಳ ಕೈ ತಾನಾಗಿ ಮೊಣಕೈಯ ಹತ್ತಿರ ಹೋಗಿ ಬಳೆಗಳನ್ನು ಹಿಡಿದುಕೊಂಡಿತು.

*

ನಿನ್ನೆ ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಕೂತಿತ್ತು. ಹಾಲು ಕರೆಯಲು ಕೂತರೆ ಬೆರಳು ಸೆಟೆಯುವಂಥ ಚಳಿ. ಪಾಪಕ್ಕ ಹಾಲಿನ ಚೊಂಬು ಹಿಡಿದು ಕೋಣೆಯ ಮುಂದೆ ಹಾಯುವಾಗ ಒಳಗೆ ಇಣುಕಿದಳು. ಬಚ್ಚಪ್ಪನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಅಂಗಿಯ ಕತ್ತು ಒದ್ದೆಯಾಗಿತ್ತು. ಎಡಗೈ ಯಾವತ್ತಿನಂತೆ ತೊಡೆಯ ಮೇಲಿರದೆ ಎದೆಗೆ ಒತ್ತಿಕೊಂಡಿತ್ತು.

ಅವಳು ನಿಂತಳು. ಒಂದು ಕಾಲು ಹೊಸಿಲ ಮೇಲಿಟ್ಟಳು. ತಪಸ್ಸಿಗೆ ಕೂತವರ ಮೈ ಬಿಸಿಯೇಳುತ್ತದೆ, ಆಗ ಮುಟ್ಟಬಾರದು, ಮುಟ್ಟಿದರೆ ಪ್ರಾಣಕ್ಕೇ ಬರುತ್ತದೆ ಎಂದು ಬಾವ ನೂರು ಸಲ ಹೇಳಿದ್ದು ನೆನಪಾಯಿತು. ಅಂದು ಜನ ನಕ್ಕದ್ದೂ ನೆನಪಾಯಿತು. ಚೊಂಬನ್ನು ಇನ್ನೊಂದು ಕೈಗೆ ಬದಲಿಸುವಾಗ ಬಳೆಗಳು ಜಾರಿದವು. ಸದ್ದಾಗುವ ಮುಂಚೆಯೇ ಅವುಗಳನ್ನು ಗದ್ದದಿಂದ ಒತ್ತಿ ಹಿಡಿದಳು. ಹಾಗೆ ಹಿಡಿದುಕೊಂಡೇ, ಹೆಜ್ಜೆ ಸದ್ದೂ ಆಗದಂತೆ ಹಿಂದಕ್ಕೆ ಸರಿದು ಅಡುಗೆಮನೆಗೆ ಹೋದಳು. ಹಾಲು ಉಕ್ಕಿಸಿ, ಕಾಫಿ ಕಾಸಿ, ಅವನು ಎದ್ದು ಬರಲೆಂದು ಕೆಂಡದ ಪಕ್ಕ ಮುಚ್ಚಿಟ್ಟಳು.

*

ಹೊಂಗೆಮರದ ನೆರಳು ಅಡ್ಡ ಬಿದ್ದಿತ್ತು. ಹೊತ್ತು ವಾಲಿತು, ಇನ್ನು ಇಳಿಸೋಣ ಎಂದು ಹಿರಿಯರು ಎದ್ದರು. ಪಾಪಕ್ಕ ಕೋಣೆಯೊಳಗೆ ಹೋಗಿ ಗಂಡನ ಕಾಲ ಬಳಿ ಕೂತಳು. ಬಾವನಿಗೆ ಎದುರಾಗಿ ನಿಂತು ಮಾತಾಡಿದವಳಲ್ಲ. ಈಗಲೂ ಮುಖ ತಿರುಗಿಸದೆಯೇ ಹೇಳಿದಳು.

“ಬಾವ, ಬಿಸಿನೀರು ತರ್ಸಿ. ಅಳ್ಳೆಣ್ಣೆ ಅಡಿಗೆಮನೆ ಗೂಡಲ್ಲೈತೆ.”

“ಯಾತಕಮ್ಮ?”

“ಕಾಲು ಚಾಚಲಿ. ನೆನ್ನೆಯಿಂದ ಮಡಿಚ್ಕಂಡೇ ಅವ್ರೆ.”

“ಯೋಗಿಗಳ ಆಸನ ಬಿಡಿಸಬಾರದು.”

“ಯೋಗಿಯಾಗಿ ಓಗಿಲ್ಲ ಬಾವ. ಎದೆ ಇಡ್ಕಂಡಿದ್ರು. ಬೆವೆತೋಗಿದ್ರು. ನಾನು ನೋಡ್ದೆ.” ಅವಳು ಗಂಡನ ಪಾದದ ಮೇಲೆ ಕೈಯಿಟ್ಟಳು. “ನೋಡಿ ಇಂದಕ್ಕೆ ಓದೆ.”

ದೊಡ್ಡವೆಂಕಟಪ್ಪನ ಕೈಯಲ್ಲಿ ಕನ್ನಡಿ ಇನ್ನೂ ಇತ್ತು. ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, ಇದನ್ನು ಜನದ ಮುಂದೆ ಆಡಬೇಡ ಎಂದ. ಗಂಗರತ್ನಮ್ಮ ಆಗಲೇ ಬಿಸಿನೀರಿನ ತಪ್ಪಲೆ, ಎಣ್ಣೆಯ ಗಿಂಡಿ ತಂದು ಅತ್ತಿಗೆಯ ಪಕ್ಕ ಇಟ್ಟಿದ್ದಳು.

ಪಾಪಕ್ಕ ಬಟ್ಟೆ ಅದ್ದಿ ಮೊಣಕಾಲಿಗೆ ಶಾಖ ಕೊಟ್ಟಳು. ಎಣ್ಣೆ ಹಚ್ಚಿ ತಿಕ್ಕಿದಳು. ಕಾಲು ಮರದ ಕೊರಡಿನಂತಿತ್ತು. ಶಾಖ ಕೊಟ್ಟು, ತಿಕ್ಕಿ, ಮತ್ತೆ ಶಾಖ ಕೊಟ್ಟಳು. ಬಹಳ ಹೊತ್ತಿನ ಮೇಲೆ ಮೊಣಕಾಲು ಒಮ್ಮೆ ಸಡಿಲಿ, ಹಿಮ್ಮಡಿ ಗೋಣಿತಾಟಿನ ಮೇಲೆ ಜಾರಿತು.

“ಕಾಲು ಆಡ್ತು,” ಎಂದು ಬಾಗಿಲಲ್ಲಿ ಯಾರೋ ಚೀರಿದರು. ಭಜನೆ ನಿಂತಿತು. ಜನ ಒಬ್ಬರ ಮೇಲೊಬ್ಬರು ಬಿದ್ದು ಇಣುಕಿದರು. ದೊಡ್ಡವೆಂಕಟಪ್ಪ ಕನ್ನಡಿ ಹಿಡಿದು ಮುಂದೆ ಬಾಗಿದ. ಅದೇ ಹೊತ್ತಿಗೆ, ಎಣ್ಣೆಯಲ್ಲಿ ನೆಂದ ಪಾಪಕ್ಕನ ಕೈಯಲ್ಲಿ ಬಳೆಗಳು ಮೊಣಕೈಯಿಂದ ಮಣಿಕಟ್ಟಿಗೆ ಜಾರಿ ಸದ್ದುಮಾಡಿದವು.

ಎಲ್ಲರೂ ಬಚ್ಚಪ್ಪನ ಮುಖ ನೋಡಿದರು. ಅಲ್ಲಿ ಏನೂ ಕದಲಲಿಲ್ಲ.

ಅವಳು ಬಳೆಗಳನ್ನು ಮತ್ತೆ ಏರಿಸಿಕೊಳ್ಳಲಿಲ್ಲ. ಇನ್ನೊಂದು ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ತಿಕ್ಕತೊಡಗಿದಳು. ಕೈ ಆಡಿದಾಗಲೆಲ್ಲ ಸದ್ದಾಗುತ್ತಿತ್ತು. ದೊಡ್ಡವೆಂಕಟಪ್ಪ ಸ್ವಲ್ಪ ಹೊತ್ತು ಅದನ್ನು ಕೇಳುತ್ತ ನಿಂತಿದ್ದ. ಆಮೇಲೆ ಕನ್ನಡಿಯನ್ನು ಗೋಡೆಗೆ ಮುಖಮಾಡಿ ಇಟ್ಟು ಹೊರಗೆ ಹೋದ. ಗುಂಡಿಯನ್ನು ಉದ್ದ ಮಾಡ್ರಲಾ ಎಂದು ಹೊಲದ ಕಡೆ ಕೂಗಿ ಹೇಳಿದ್ದು ಒಳಗೆ ಕೇಳಿಸಿತು. ಜಗಲಿಯ ಮೇಲೆ ಚಿನ್ನತಂಬಿ ಕೆಮ್ಮುತ್ತಿದ್ದ.

ಗಂಗರತ್ನಮ್ಮನೂ ಪಾಪಕ್ಕನೂ ಸೇರಿ ಬಚ್ಚಪ್ಪನನ್ನು ಮಲಗಿಸಿದರು. ಪಾಪಕ್ಕ ಅವನ ಟವೆಲ್ಲನ್ನು ಮಡಿಸಿ ತಲೆಯ ಅಡಿಗೆ ಕೊಟ್ಟಳು. ಬಳೆ ಒಡೆಯಲು ಬಂದ ಹಿರಿಯ ಹೆಂಗಸರು ಬಾಗಿಲಾಚೆ ಕಾಯುತ್ತಿದ್ದರು. ಅವಳು ತಲೆಯಡಿಯಿಂದ ಕೈಯನ್ನು ಬಿಡಿಸಿಕೊಂಡಳು. ಹಿಂದಕ್ಕೆ ತೆಗೆದುಕೊಳ್ಳದೆ, ಅವನ ಕಿವಿಯ ಹತ್ತಿರ ಒಮ್ಮೆ ಆಡಿಸಿದಳು. ಬಳೆ ಸದ್ದಾಯಿತು. ಸ್ವಲ್ಪ ಹೊತ್ತು ಕಾದಳು. ಹೊಲದಿಂದ ಗುದ್ದಲಿಯ ಸದ್ದು ಬರುತ್ತಿತ್ತು.

ಇನ್ನೊಂದು ಸಲ ಆಡಿಸಿದಳು.