ಹಗೇವಿನ ರಾಗಿ

"ಬಗ್ಗಿ ನೋಡ್ಬೇಡಿ ಕಣ್ರಪ್ಪ, ಬಿದ್ದೀರಿ! ಕಲ್ಲಿಂದ ಇತ್ತಾಗೆ ನಿಂತ್ಕಳಿ," ಎಂದು ಚೆಲುವಮ್ಮ ಗದರಿದಳು. ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟಿದ್ದ ಯಾತ್ರಿಕರು ಬಾಯಿ ತೆರೆದ ಹಗೇವಿನ ಸುತ್ತ ಮುತ್ತಿಕೊಂಡಿದ್ದರು. ಹಿಂದಿನವರು ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ ಅದು. ಬಾಯಿ ಒಬ್ಬ ಆಳು ಇಳಿಯುವಷ್ಟೇ ಕಿರಿದು, ಹೊಟ್ಟೆ ಮಾತ್ರ ಒಂದು ಕೋಣೆಯಷ್ಟಿತ್ತು.

ಈ ಹಗೇವಿದ್ದ ಯಳಂದೂರಿನ ದೊಡ್ಡಮನೆಯವರು ಮೈಸೂರು ಸೇರಿ ಬಹಳ ಕಾಲವಾಗಿತ್ತು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ವರ್ಷ, ನಿವೃತ್ತ ಹೆಡ್‌ಮಾಸ್ಟರ್ ಶಿವನಂಜಯ್ಯನವರಿಗೆ ಅದೇನು ಹುಮ್ಮಸ್ಸು ಬಂತೋ, ಸಂಘ ಕಟ್ಟಿ, ಭಾನುವಾರಗಳಂದು ಮನೆಯನ್ನು ಜನರಿಗೆ ತೆರೆಸಿದರು. ಕೋಣೆಗೊಬ್ಬರಂತೆ ಊರಿನವರೇ ನಿಂತು ವಿವರಿಸಬೇಕು. ಸಂಬಳವೇನಿಲ್ಲ, ಮಧ್ಯಾಹ್ನ ಒಂದು ಲೋಟ ಕಾಫಿ. ಕತ್ತಿ ಗುರಾಣಿ ತೂಗುಹಾಕಿದ ಹಜಾರಕ್ಕೆ ಗಂಡಸರು ನಾ ಮುಂದು ತಾ ಮುಂದು ಎಂದು ಮುಗಿಬಿದ್ದರು. ಹಿತ್ತಿಲ ಕಡೆಯ ಈ ಕತ್ತಲೆ ಕೋಣೆ ಯಾರಿಗೂ ಬೇಡವಾಗಿತ್ತು. ಚೆಲುವಮ್ಮ ತಾನೇ ಹೋಗಿ ಕೇಳಿಕೊಂಡಳು.

ಅವಳು ಚಿಕ್ಕವಳಿದ್ದಾಗ, ಈ ಮನೆಯಲ್ಲಿ ಆಳಾಗಿದ್ದ ಅವಳ ಅಣ್ಣ ಮಾದಣ್ಣ ಸತ್ತದ್ದು ಇದರೊಳಗೆ. ಹಗೇವಿನ ಕಲ್ಲು ಸರಿಸಿದರೆ ಒಂದು ರಾತ್ರಿಯಾದರೂ ಹಾಗೇ ಬಿಡಬೇಕು, ಒಳಗಿನ ಕೆಟ್ಟ ಹಬೆ ಹೋಗಬೇಕು. ಅದು ಎಲ್ಲರಿಗೂ ಗೊತ್ತಿದ್ದ ಮಾತೇ. ಆದರೆ ಅವತ್ತು ಸಂತೆಗೆ ಹೋಗಬೇಕಾದ ಗಾಡಿ ಬಾಗಿಲಲ್ಲಿ ಕಾಯುತ್ತಿತ್ತು. ಕಲ್ಲು ಸರಿಸಿದ ಕೂಡಲೇ ಮಾದಣ್ಣನನ್ನು ಹಗ್ಗ ಕಟ್ಟಿ ಇಳಿಸಿದರು. ಎಳೆದುಕೊಂಡಾಗ ಬಂದದ್ದು ಹೆಣ.

ಚೆಲುವಮ್ಮ ಇದನ್ನು ಬಂದವರಿಗೆಲ್ಲ ಹೇಳುತ್ತಿದ್ದಳು. ಆದರೆ ಅಲ್ಲಿಗೇ ನಿಲ್ಲಿಸುತ್ತಿರಲಿಲ್ಲ. "ತಿಥಿ ಕಳೀತಿದ್ದಂಗೆ ಈ ಮನೆಯೋರು ಒಂದು ಗಾಡಿ ರಾಗಿ ಕಳುಸುದ್ರು ಕಣ್ರಪ್ಪ. ಸತ್ತೋನ ಮನೇನ ಮರೀನಿಲ್ಲ. ದೊಡ್ಡ ಮನಸು," ಎನ್ನುವಾಗ ಅವಳ ದನಿ ಏರುತ್ತಿತ್ತು. ಆ ರಾಗಿಯಿಂದಲೇ ಉಳಿದ ಮಕ್ಕಳು ಬದುಕಿದ್ದು. ಅವ್ವ ಸಾಯುವವರೆಗೂ ದೊಡ್ಡಮನೆಯ ಹೆಸರೆತ್ತಿದರೆ ಕೈಮುಗಿಯುತ್ತಿದ್ದಳು. ಆ ಮನೆಯವರು ಯಾರಾದರೂ ಒಂದು ದಿನ ಬಂದರೆ, ಅವ್ವನ ಪರವಾಗಿ ಎದುರಿಗೆ ನಿಂತು ಒಂದು ಸಲ ಕೈಮುಗಿಯಬೇಕು. ಚೆಲುವಮ್ಮನಿಗೆ ಇದ್ದದ್ದು ಅದೊಂದೇ ಆಸೆ.

ಅವತ್ತು ಯಾತ್ರಿಕರು ಅತ್ತ ಹೋಗುತ್ತಿದ್ದಂತೆ ಬಾಗಿಲಲ್ಲಿ ಕಾರು ನಿಂತಿತು. ಶಿವನಂಜಯ್ಯನವರು ಶಲ್ಯ ಸರಿಮಾಡಿಕೊಳ್ಳುತ್ತ ಓಡಿದರು. ಇಳಿದವರು ಆ ಮನೆಯ ಹಿರಿ ಸೊಸೆ ಗುರುಬಸಮ್ಮ. ಈಗ ಅವರೂ ಮುದುಕಿ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕೋಲು. ಮೇಷ್ಟ್ರ ಜೊತೆ ಕೋಣೆ ಕೋಣೆ ನೋಡಿಕೊಂಡು ಕೊನೆಗೆ ಇಲ್ಲಿಗೂ ಬಂದರು. ಚೆಲುವಮ್ಮ ಎರಡೂ ಕೈ ಜೋಡಿಸಿ, "ಅವ್ವಾ..." ಎಂದಳು.

ಗುರುಬಸಮ್ಮನ ಕಣ್ಣು ಗುಂಡಿಯ ಮೇಲಿತ್ತು. "ಅಯ್ಯೋ, ಇದಾ! ನಾನು ಆಗಿನ್ನೂ ಮದುವೆಯಾಗಿ ಬಂದಿದ್ದೆ ಕಣ್ರಿ ಮೇಷ್ಟ್ರೆ. ಒಬ್ಬ ಆಳು ಇದರೊಳಗೆ ಸತ್ತೋದ. ಹೆಣ ಬಿದ್ದಿದ್ದ ರಾಗಿ, ಎಮ್ಮೆಗೂ ಇಕ್ಬೇಡಿ ಅಂದ್ಬುಟ್ರು ನಮ್ಮತ್ತೆ."

"ಮತ್ತೆ... ಆ ರಾಗೀನ ಯಾನ ಮಾಡುದ್ರವ್ವ?" ಎಂದು ಕೇಳಿದವಳು ಚೆಲುವಮ್ಮ.

"ಅಷ್ಟೊಂದು ರಾಗಿ ಚೆಲ್ಲಕಾಯ್ತದ? ಗಾಡಿಗೆ ತುಂಬ್ಸಿ ಆ ಆಳಿನ ಮನೆಗೇ ಕಳುಸ್ಬುಟ್ರು. ಪಾಪ, ಬಡವ್ರು, ಉಂಡ್ಕಂಡಿರ್ತಾರೆ."

ಕೇಡು ಬಗೆದು ಆಡಿದ ಮಾತಲ್ಲ ಅದು. ಆ ಮುಖದಲ್ಲಿ ಮರುಕವೂ ಇತ್ತು, ಸುಳ್ಳು ಹೇಳಬಾರದು. ಚೆಲುವಮ್ಮ ಜೋಡಿಸಿದ ಕೈ ಹಾಗೇ ಇತ್ತು, ಇಳಿಸುವುದು ತಿಳಿಯಲಿಲ್ಲ. ಬೀಳ್ಕೊಡುತ್ತಿದ್ದಾಳೆ ಎಂದುಕೊಂಡು ಗುರುಬಸಮ್ಮನೂ ಕೋಲಿನ ಮೇಲೆಯೇ ಕೈ ಜೋಡಿಸಿ ಹೊರನಡೆದರು. ಅವರ ಹಿಂದೆಯೇ ಮೇಷ್ಟ್ರೂ ಹೋದರು. ಕಾರು ಹೋದ ಸದ್ದು ಕೇಳಿಸಿತು.

ಅವಳು ಗೋಡೆಗೊರಗಿ ಕೂತಳು. ಅವ್ವ ಆ ರಾಗಿಯನ್ನು ಮೊರಕ್ಕೆ ಸುರಿದುಕೊಳ್ಳುವ ಮೊದಲು ಕಣ್ಣಿಗೊತ್ತಿಕೊಂಡದ್ದು ನೆನಪಾಯಿತು. ಅವ್ವ ಬದುಕಿಲ್ಲವಲ್ಲ, ಸದ್ಯ, ಅನ್ನಿಸಿತು.

ಅಷ್ಟರಲ್ಲಿ ಕೊಳ್ಳೇಗಾಲದ ಶಾಲೆಯೊಂದರ ಹುಡುಗಿಯರು ಗಲಗಲ ಎನ್ನುತ್ತ ಒಳಗೆ ನುಗ್ಗಿದರು. ಚೆಲುವಮ್ಮ ಎದ್ದಳು. ಕಲ್ಲು ಸರಿಸಿದ್ದು, ಗಾಡಿ ಕಾದದ್ದು, ಅಣ್ಣ ಇಳಿದದ್ದು, ಎಲ್ಲ ಹೇಳಿದಳು. ಗಾಡಿ ತುಂಬ ರಾಗಿ ಬಂದದ್ದನ್ನೂ ಹೇಳಿದಳು. ದೊಡ್ಡ ಮನಸಿನ ಮಾತು ಬಾಯಿಗೆ ಬರಲಿಲ್ಲ.

"ಎಲ್ಲಿಯದಜ್ಜಿ ಆ ರಾಗಿ?" ಎಂದಳು ಮುಂದೆ ನಿಂತಿದ್ದ ಹುಡುಗಿ.

ಚೆಲುವಮ್ಮ ಗುಂಡಿಯತ್ತ ಕೈ ತೋರಿಸಿದಳು. "ಇದುರ್ದೇ ಕಣವ್ವ. ನಮಗ ಗೊತ್ತಿರ್ನಿಲ್ಲ. ಉಂಡ್ವಿ. ಅಸಿದಿತ್ತು ಒಟ್ಟೆ... ನಾನು ಇನ್ನೊಂದು ಮುದ್ದೆ ಇಕ್ಕುಸ್ಕಂಡು ಉಂಡೆ."

ಹುಡುಗಿಯರು ಒಬ್ಬೊಬ್ಬರಾಗಿ ಗುಂಡಿಯಿಂದ ಹಿಂದೆ ಸರಿದು, ಗೋಡೆಗೆ ಅಂಟಿ ನಿಂತರು.